ಅಕ್ಕೋರಿಗೆ ಬರ್ಮಿಂಗ್‌ಹ್ಯಾಮ್ ತೋರಿಸಿದ್ದು

2010ರ ಡಿಸೆಂಬರ್ ತಿಂಗಳ ಮೂರನೆಯ ಸೋಮವಾರ, ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಅರವತ್ತೆರಡು ವರ್ಷದ ಹೆಂಗಸೊಬ್ಬರನ್ನು ನಾನು ನಾಲ್ಕು ಗಂಟೆ ಹತ್ತು ನಿಮಿಷ ಹಿಮದಲ್ಲಿ ಓಡಾಡಿಸಿದೆ. ನಡುಮಧ್ಯಾಹ್ನವೂ ಉಷ್ಣಾಂಶ ಸೊನ್ನೆಯವರೆಗೂ ಏರಲಿಲ್ಲ. ಸಂಜೆ ಅವರ ಮಗಳು ಎಷ್ಟು ಹೊತ್ತು ಹೊರಗಿದ್ದಿರಿ ಎಂದು ಕೇಳಿದಾಗ ಒಂದು ಗಂಟೆ ಎಂದೆ.

ವಿಷಯ ಇಷ್ಟೇ. ಪತ್ರಿಕೆಯ ಡೆಸ್ಕಿನಲ್ಲಿ ಆರು ವರ್ಷ ಕೂತವನಿಗೆ ಮುಖ್ಯವಾದದ್ದನ್ನು ಮೊದಲು ಹೇಳಿಬಿಡುವ ಅಭ್ಯಾಸ. ಉಳಿದದ್ದು ಜಾಗವಿದ್ದರೆ ಹಾಕುವಂಥದ್ದು, ಇಲ್ಲದಿದ್ದರೆ ಕೆಳಗಿನಿಂದ ಕತ್ತರಿಸುವಂಥದ್ದು. ಆದರೆ ಎಂಟು ವರ್ಷ ನಾನು ಕತ್ತರಿಸುತ್ತ ಬಂದದ್ದು ಮೇಲಿನ ಭಾಗವನ್ನು. ಕೆಳಗಿನದನ್ನು, ಅಂದರೆ ಹಿಮ, ಕಾಲುವೆ, ಕ್ರಿಸ್‌ಮಸ್ ಸಂತೆ ಇವನ್ನೆಲ್ಲ ಸ್ನೇಹಿತರ ಮನೆಗಳಲ್ಲಿ ಬಹಳ ಸಲ ಹೇಳಿದ್ದೇನೆ. ಚೆನ್ನಾಗಿಯೇ ಹೇಳುತ್ತೇನೆ ಎಂದು ಹೆಸರೂ ಇದೆ.

ಈಗ ನಾನು ಲೀಡ್ಸ್‌ನಲ್ಲಿದ್ದೇನೆ. ಈ ಜನವರಿಯಲ್ಲಿ ಒಂದು ದಿನ ಒದ್ದೆಯಾದ ಉಣ್ಣೆಯ ಕಾಲುಚೀಲಗಳನ್ನು ರೇಡಿಯೇಟರ್ ಮೇಲೆ ಹಾಕಿ ಟೀ ಮಾಡಲು ಹೋದೆ. ಹತ್ತು ನಿಮಿಷಕ್ಕೆ ಮನೆಯೆಲ್ಲ ವಾಸನೆ ಹಿಡಿಯಿತು. ಬಿಸಿಯಾಗುತ್ತಿರುವ ಒದ್ದೆ ಉಣ್ಣೆಯ ವಾಸನೆ ನಿಮಗೆ ಗೊತ್ತಿರಬಹುದು. ಮಳೆಯಲ್ಲಿ ನೆನೆದ ಕುರಿ ಒಲೆಯ ಪಕ್ಕ ನಿಂತ ಹಾಗೆ. ನನಗೆ ಅದು ಸರೋಜಮ್ಮನವರ ಕಾಲುಚೀಲದ ವಾಸನೆ. ಟೀ ಕುಡಿಯಲಾಗಲಿಲ್ಲ.

ಸರೋಜಮ್ಮ ರಾಣೇಬೆನ್ನೂರಿನವರು. ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬಳೇ ಮಗಳು ವಿನುತಾ, ಬರ್ಮಿಂಗ್‌ಹ್ಯಾಮಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆ. ನಾನು ಆ ವರ್ಷ ಮೈಸೂರಿನ ಪತ್ರಿಕೆ ಕೆಲಸ ಬಿಟ್ಟು ಎಂ.ಎ. ಮಾಡಲು ಬಂದು, ಸೆಲ್ಲಿ ಓಕ್ ಬಡಾವಣೆಯಲ್ಲಿ ಐದು ಜನರ ಜೊತೆ ಒಂದು ಮನೆಯಲ್ಲಿದ್ದೆ. ವಿನುತಾ ಅವರ ಮನೆ ಅಲ್ಲಿಂದ ಹದಿನೈದು ನಿಮಿಷದ ನಡಿಗೆ. ರಾಜ್ಯೋತ್ಸವದಲ್ಲಿ ಪರಿಚಯವಾಗಿ, ಭಾನುವಾರ ಅವರ ಮನೆಯಲ್ಲಿ ಊಟ ಮಾಡುವುದು ರೂಢಿಯಾಗಿತ್ತು. ಪಾತ್ರೆ ತೊಳೆದುಕೊಡುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. ಹಾಗಾಗಿ ಡಿಸೆಂಬರಿನಲ್ಲಿ ಅವರ ತಾಯಿ ಬಂದಾಗ, 'ಅಮ್ಮಂಗೆ ಸಿಟಿ ತೋರಿಸ್ತೀರಾ? ನನ್ನ ಡ್ಯೂಟಿ ರೋಟಾದಲ್ಲಿ ಈ ವಾರ ಒಂದು ದಿನವೂ ರಜೆ ಇಲ್ಲ' ಎಂದು ಅವರು ಕೇಳಿದಾಗ ನನಗೆ ಸಂತೋಷವೇ ಆಯಿತು.

ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: 'ಅಮ್ಮಂಗೆ ಶುಗರ್ ಇದೆ. ಹನ್ನೆರಡೂವರೆ ಒಳಗೆ ಏನಾದ್ರೂ ತಿನ್ನಿಸಿಬಿಡಿ. ಹೊರಗೆ ಜಾಸ್ತಿ ಬೇಡ, ಮ್ಯೂಸಿಯಂಗೆ ಕರ್ಕೊಂಡ್ ಹೋಗಿ, ಒಳಗೆ ಹೀಟಿಂಗ್ ಇರುತ್ತೆ. ಬೂಟ್ಸ್ ಬಾಗಿಲ ಹತ್ರ ಇಟ್ಟಿರ್ತೀನಿ.'

ನಾಲ್ಕು ಸೂಚನೆ. ಒಂದನ್ನೂ ನಾನು ಪಾಲಿಸಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಹೋದಾಗ ಸರೋಜಮ್ಮ ತಯಾರಾಗಿ ಕೂತಿದ್ದರು. ಇಳಕಲ್ ಸೀರೆ, ಅದರ ಮೇಲೆ ಮಗಳ ಉದ್ದ ಕೋಟು, ತಲೆಗೆ ಮಫ್ಲರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಕಾಲಿಗೆ ಉಣ್ಣೆಯ ಕಾಲುಚೀಲ, ಅದರ ಮೇಲೆ ಊರಿನಿಂದ ತಂದಿದ್ದ ಬಿಳಿ ಕ್ಯಾನ್ವಾಸ್ ಬೂಟು. ಹಿಮಕ್ಕೆಂದು ಮಗಳು ಇಟ್ಟಿದ್ದ ದಪ್ಪ ಬೂಟುಗಳು ಬಾಗಿಲ ಬಳಿ ಹಾಗೆಯೇ ಇದ್ದವು.

'ಆಂಟಿ, ಆ ಬೂಟ್ಸ್ ಹಾಕ್ಕೊಳ್ಳಲ್ವಾ?' ಎಂದೆ.

'ಎಮ್ಮಿ ಕಾಲು ಇದ್ದಂಗ ಅದಾವು. ಇವ ಹಗುರ ಆಗ್ತಾವು ಬಿಡು. ಮತ್ತ ಆಂಟಿ ಅನಬ್ಯಾಡ ತಮ್ಮಾ, ನಾನೇನು ಬೆಂಗಳೂರಾಕಿ ಅಲ್ಲ. ಸಾಲಿಯಾಗ ಎಲ್ಲಾರೂ ಅಕ್ಕೋರು ಅಂತಿದ್ರು. ನೀನೂ ಹಂಗ ಅನ್ನು.'

ಹತ್ತೂ ಇಪ್ಪತ್ತೆಂಟರ ರೈಲಿತ್ತು. ನಾನು ಗಡಿಯಾರ ನೋಡಿ, 'ಸರಿ, ಬನ್ನಿ ಅಕ್ಕೋರೇ' ಎಂದೆ.

ಇಲ್ಲಿ ನನ್ನ ಇನ್ನೊಂದು ಕೆಲಸದ ವಿಷಯ ಹೇಳಬೇಕು. ಹಿಂದಿನ ವಾರ ನನ್ನ ಹಳೆಯ ಪತ್ರಿಕೆಯ ಭಾನುವಾರದ ಪುರವಣಿಯಿಂದ ಒಂದು ಲೇಖನ ಕೇಳಿದ್ದರು. ಅಮೆರಿಕದಲ್ಲಿದ್ದ ಒಬ್ಬರು ಷಿಕಾಗೋದ ಚಳಿಗಾಲದ ಬಗ್ಗೆ ಬರೆದದ್ದು ಹಿಂದಿನ ವರ್ಷ ಓದುಗರಿಗೆ ಬಹಳ ಹಿಡಿಸಿತ್ತಂತೆ: ಕೊರೆಯುವ ಗಾಳಿ, ಮುಗಿಲೆತ್ತರದ ಕಟ್ಟಡ, ಹೆಪ್ಪುಗಟ್ಟಿದ ಸರೋವರ. 'ಅಂಥಾದ್ದೇ ಒಂದು ಇಂಗ್ಲೆಂಡಿಂದ ಕೊಡಿ. ಫೋಟೋ ಇರಲಿ. ಫೋಟೋದಲ್ಲಿ ನಮ್ಮೋರು ಯಾರಾದ್ರೂ ಇರಲಿ' ಎಂದಿದ್ದರು ಪುರವಣಿ ಸಂಪಾದಕರು. ಬರ್ಮಿಂಗ್‌ಹ್ಯಾಮಿನಲ್ಲಿ ಸರೋವರವಿಲ್ಲ, ಕಾಲುವೆಗಳಿವೆ. ಆ ವಾರ ಅವು ಹೆಪ್ಪುಗಟ್ಟಿದ್ದವು. ನಮ್ಮೋರು ಒಬ್ಬರು ಇಳಕಲ್ ಸೀರೆಯುಟ್ಟು ನನ್ನ ಜೊತೆ ರೈಲಿನಲ್ಲಿ ಕೂತಿದ್ದರು. ನಾನು ಬೇರೆ ಏನನ್ನು ಯೋಚಿಸಲಿ?

ನ್ಯೂ ಸ್ಟ್ರೀಟ್ ನಿಲ್ದಾಣದಿಂದ ಹೊರಬಂದ ಕೂಡಲೇ ಮೊದಲ ಚಿತ್ರ ತೆಗೆದೆ: ಹತ್ತೂ ಐವತ್ತು. ಕ್ಯಾಮೆರಾ ಪ್ರತಿ ಚಿತ್ರಕ್ಕೂ ಗಂಟೆ ನಿಮಿಷ ಬರೆದಿಡುತ್ತದೆ. ಆ ದಿನದ ಮೂವತ್ತೊಂದು ಚಿತ್ರಗಳಲ್ಲಿ ಸರೋಜಮ್ಮ ಹನ್ನೊಂದರಲ್ಲಿದ್ದಾರೆ. ಮೊದಲಿನದರಲ್ಲಿ ಅವರು ನಗುತ್ತಿದ್ದಾರೆ, ಬಾಯಿಂದ ಹೊಗೆಯಂತೆ ಉಸಿರು ಹೊರಟಿದೆ. 'ನೋಡು, ಬೀಡಿ ಸೇದಿದಂಗ ಕಾಣತೈತಿ. ನಮ್ಮ ಹೆಡ್‌ಮಾಸ್ತರು ನೋಡಿದ್ರ ಸಸ್ಪೆಂಡ್ ಮಾಡ್ತಿದ್ರು' ಎಂದದ್ದು ಆಗಲೇ.

ಒಳ್ಳೆಯ ಸಂಗಾತಿ ಅವರು. ಎಲ್ಲಕ್ಕೂ ಒಂದು ಮಾತಿತ್ತು. ಬುಲ್ ರಿಂಗ್ ಮಾರುಕಟ್ಟೆಯ ಮುಂದಿನ ಕಂಚಿನ ಗೂಳಿಯ ಬೆನ್ನ ಮೇಲೆ ಹಿಮ ಕೂತದ್ದನ್ನು ನೋಡಿ, 'ಪಾಪ, ಇದಕ್ಕೊಂದು ಜೂಲು ಹೊದಿಸಬಾರದೇನ?' ಎಂದರು. ಮಹಾರಾಣಿಯ ಪ್ರತಿಮೆಯ ಮುಂದೆ ನಿಂತು, 'ಈಕಿ ಹೆಸರು ಬಾಯಿಪಾಠ ಮಾಡಿಸಿ ಮಾಡಿಸಿ ನನ್ನ ಗಂಟಲು ಹೋತು. ಒಬ್ಬ ಹುಡುಗನೂ ಇಸ್ವಿ ಸರಿ ಹೇಳಲಿಲ್ಲ' ಎಂದರು. ನಾನು ಇವನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಬರೆಯಲು ಕೈಗವಸು ತೆಗೆದರೆ ಬೆರಳು ಸೆಟೆದುಕೊಳ್ಳುತ್ತಿತ್ತು. ನನ್ನ ಬೆರಳಿನ ಚಳಿ ನನಗೆ ಚೆನ್ನಾಗಿ ನೆನಪಿದೆ.

ಹನ್ನೊಂದೂಮುಕ್ಕಾಲಿಗೆ ಮ್ಯೂಸಿಯಮ್ಮಿನ ಬಾಗಿಲ ಮುಂದೆಯೇ ಇದ್ದೆವು. ಪ್ರವೇಶ ಉಚಿತ. ಬಾಗಿಲು ತೆರೆದಾಗಲೆಲ್ಲ ಒಳಗಿನ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಸರೋಜಮ್ಮ ಆ ಬಾಗಿಲಿನ ಕಡೆ ನೋಡಿದರು.

'ಮ್ಯೂಸಿಯಂ ಆಮೇಲೆ ನೋಡೋಣ್ವಾ ಅಕ್ಕೋರೇ? ಮೂರೂವರೆಗೆಲ್ಲ ಇಲ್ಲಿ ಬೆಳಕು ಹೋಗಿಬಿಡುತ್ತೆ. ಕಾಲುವೆ ಮೊದಲು ನೋಡೋಣ.'

'ಹಂಗ ಆಗಲಿ. ನಿನಗ ಗೊತ್ತಿರತೈತಿ' ಎಂದರು.

ನೀವು ನಮ್ಮ ಕಡೆಯವರಾದರೆ ಈ 'ಹಂಗ ಆಗಲಿ'ಯ ತೂಕ ನಿಮಗೆ ತಿಳಿಯುತ್ತದೆ. ನನಗೂ ತಿಳಿಯುತ್ತಿತ್ತು, ಮೂರು ತಿಂಗಳ ಹಿಂದಿನವರೆಗೆ. ಬಂದ ಹೊಸದರಲ್ಲಿ ನಮ್ಮ ಪ್ರಾಧ್ಯಾಪಕಿಯೊಬ್ಬರು ಮನೆಗೆ ಕರೆದು ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಆದರೂ ಬೇಡ ಎಂದೆ. ಯಾರೂ ಮೊದಲ ಸಲಕ್ಕೇ ಹೂಂ ಅನ್ನುವುದಿಲ್ಲವಲ್ಲ. ಇನ್ನೊಂದು ಸಲ ಕೇಳುತ್ತಾರೆ, ಆಗಲೂ ಬೇಡ ಅನ್ನಬೇಕು. ಮೂರನೆಯ ಸಲ ತಟ್ಟೆಯನ್ನು ಎದೆಗೆ ತಾಗಿಸಿದಾಗ 'ಒಂದೇ ಸಾಕು' ಎನ್ನುತ್ತ ಎರಡು ತೆಗೆದುಕೊಳ್ಳಬೇಕು. ಪ್ರಾಧ್ಯಾಪಕಿ ಸರಿ ಎಂದು ತಟ್ಟೆಯನ್ನು ಒಳಗಿಟ್ಟುಬಿಟ್ಟರು. ನಾನು ಅವರ ಪುಸ್ತಕದ ಕಪಾಟನ್ನು ಬಹಳ ಹೊತ್ತು ಮೆಚ್ಚಿಕೊಂಡು, ದಾರಿಯಲ್ಲಿ ಒಂದು ಇಡೀ ಬ್ರೆಡ್ ತಿಂದೆ.

ಅಂದಿನಿಂದ ನಾನು ಸುಧಾರಿಸಿದೆ. ಬೇಕಾದರೆ ಬೇಕು, ಬೇಡವಾದರೆ ಬೇಡ. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಬೇರೆಯವರ 'ಬೇಡ'ವನ್ನೂ ಹಾಗೆಯೇ ತೆಗೆದುಕೊಳ್ಳತೊಡಗಿದೆ. ಬಲವಂತ ಮಾಡುವುದು ಹಳ್ಳಿತನ ಎನ್ನಿಸಿತು. ಡೆಸ್ಕಿನ ಪಾಠವೂ ಇದಕ್ಕೆ ಕೂಡಿಕೊಂಡಿತು: ಯಾರು ಏನು ಹೇಳಿದರೋ ಅದನ್ನೇ ಬರೆ, ನಿನ್ನ ಊಹೆ ಸೇರಿಸಬೇಡ.

ಕಾಲುವೆಯ ದಂಡೆಯ ಇಟ್ಟಿಗೆ ಹಾದಿಯಲ್ಲಿ ಹಿಮ ತುಳಿದು ತುಳಿದು ಗಾಜಿನಂತಾಗಿತ್ತು. ಅಂಚಿನಲ್ಲಿ ಮೃದುವಾದ ಹೊಸ ಹಿಮ, ಹೆಜ್ಜೆ ಇಟ್ಟರೆ ಪಾದದ ಗಂಟಿನವರೆಗೆ. ಸರೋಜಮ್ಮ ಜಾರುವ ಭಯಕ್ಕೆ ಅಂಚಿನಲ್ಲೇ ನಡೆದರು. ಕ್ಯಾನ್ವಾಸ್ ಬೂಟಿನ ಬಿಳುಪು ನೆನೆದು ಬೂದು ಬಣ್ಣಕ್ಕೆ ತಿರುಗಿತು. ನಾನು ಅದನ್ನು ನೋಡಿದೆ. ಬೂಟು ಕಾಣದಂತೆ ಸೊಂಟದವರೆಗೆ ಚಿತ್ರ ತೆಗೆಯಬೇಕು ಎಂದುಕೊಂಡೆ.

ದೋಣಿಗಳು ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು ನಿಂತಿದ್ದವು. ಬಾತುಕೋಳಿಗಳು ಕಾಲುವೆಯ ಮೇಲೆ ನಡೆಯುತ್ತಿದ್ದವು. 'ಅಲ್ಲಿ ನಿಂತ್ಕೊಳ್ಳಿ ಅಕ್ಕೋರೇ. ಸೆರಗು ಸ್ವಲ್ಪ ಕಾಣಬೇಕು, ಕೋಟಿನ ಗುಂಡಿ ತೆಗೀರಿ. ಹಾಂ, ಹಾಗೇ. ಇನ್ನೊಂದು.' ಏಳು ಚಿತ್ರ, ಇಪ್ಪತ್ತಾರು ನಿಮಿಷ. ಸೂರ್ಯ ಮೋಡದಿಂದ ಹೊರಬರಲಿ ಎಂದು ಕಾಯಿಸಿದೆ. ಗುಂಡಿ ತೆಗೆದ ಕೋಟನ್ನು ಅವರು ಒಂದು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ನಾನು 'ಕೈ ಬಿಡಿ' ಎಂದಾಗ ಬಿಟ್ಟರು.

ಅಲ್ಲಿಯ ಬೆಂಚಿನ ಹಿಮ ಒರೆಸಿ ಕೂತೆವು. ಹನ್ನೆರಡೂ ನಲವತ್ತು. ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದರು: 'ನಿನಗ ಹಸಿವಿ ಆಗೇತೇನ ತಮ್ಮಾ? ಅವಲಕ್ಕಿ ಹಚ್ಚಿಕೊಂಡು ಬಂದೇನಿ.'

'ಇಲ್ಲ ಅಕ್ಕೋರೇ, ಬೆಳಿಗ್ಗೆ ಚೆನ್ನಾಗಿ ತಿಂದ್ಕೊಂಡ್ ಬಂದಿದೀನಿ' ಎಂದೆ. ಅದು ನಿಜ. ಎರಡು ಮೊಟ್ಟೆ, ನಾಲ್ಕು ಬ್ರೆಡ್ಡು.

'ಚೂರು?'

'ಬೇಡ ಬೇಡ.'

ಅವರು ಡಬ್ಬಿಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಬಾತುಕೋಳಿಗಳನ್ನು ನೋಡಿದರು. ಆಮೇಲೆ ಚೀಲದ ಬಾಯಿ ಕಟ್ಟಿದರು. ಮೂವತ್ತೈದು ವರ್ಷ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದು ಕೊನೆಯವನ ಕೈಗೆ ಬುತ್ತಿ ಬಂದ ಮೇಲೇ ತಾನು ತಿಂದ ಹೆಂಗಸು, ಪಕ್ಕದಲ್ಲಿ ಕೂತ ಹುಡುಗ ತಿನ್ನದಿರುವಾಗ ಒಬ್ಬಳೇ ಡಬ್ಬಿ ತೆಗೆದು ತಿನ್ನುತ್ತಾಳೆಯೇ? ಹಸಿವು ಯಾರದೆಂದು ಬೇರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟೆ ಎಂದುಕೊಂಡು ಎದ್ದೆ.

ಕ್ರಿಸ್‌ಮಸ್ ಸಂತೆಯಲ್ಲಿ ಕಾಫಿಯ ಅಂಗಡಿಗಳು ಸಾಲಾಗಿದ್ದವು. 'ಕಾಫಿ ಕುಡೀತೀರಾ ಅಕ್ಕೋರೇ?'

'ಬ್ಯಾಡೋ ತಮ್ಮಾ. ಸುಮ್ಮನ ಯಾಕ?'

'ಸರಿ' ಎಂದೆ. ಒಂದು ಲೋಟ ಕಾಫಿ ತೆಗೆದುಕೊಂಡೆ, ನನಗೆ. ಈ ವಾಕ್ಯವನ್ನು ಬರೆಯಲು ನನಗೆ ಎಷ್ಟು ದಿನ ಹಿಡಿಯಿತೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ.

ಎರಡು ಗಂಟೆಯ ಹೊತ್ತಿಗೆ ಅವರ ಮಾತು ಕಡಿಮೆಯಾಗಿತ್ತು. ಚರ್ಚಿನ ಅಂಗಳದಲ್ಲಿ ನಾನು ಗೋಪುರದ ಚಿತ್ರ ತೆಗೆಯುತ್ತಿದ್ದಾಗ ಅವರು ಹೂ ಮಾರುವ ಅಂಗಡಿಯೊಂದರ ಪಕ್ಕ ನಿಂತಿದ್ದರು. ತಿರುಗಿ ನೋಡಿದರೆ ಹೂವಿನವಳು, ಎಪ್ಪತ್ತರ ಮೇಲಿನ ಮುದುಕಿ, ಇವರ ಎರಡೂ ಕೈಗಳನ್ನು ತನ್ನ ಕೈಗಳ ನಡುವೆ ಹಿಡಿದು ಉಜ್ಜುತ್ತಿದ್ದಳು. ತನ್ನ ಫ್ಲಾಸ್ಕಿನಿಂದ ಟೀ ಬಗ್ಗಿಸಿದಳು. ಸರೋಜಮ್ಮ 'ನೋ, ನೋ' ಎಂದು ಹಿಂದೆ ಸರಿದರು. ಮುದುಕಿ ಕೇಳಲಿಲ್ಲ. ಕುಡಿ ಬ್ಯಾಬ್, ಕುಡಿ ಎಂದು ಲೋಟವನ್ನು ಅವರ ಬೆರಳುಗಳೊಳಗೆ ಇಟ್ಟು, ಬೆರಳು ಮುಚ್ಚಿಸಿ, ಮೊದಲ ಗುಟುಕು ಕುಡಿಯುವ ತನಕ ಕೈ ಬಿಡಲಿಲ್ಲ. ಬ್ಯಾಬ್ ಅನ್ನುವುದು ಅಲ್ಲಿನವರು ಪ್ರೀತಿಯಿಂದ ಯಾರನ್ನು ಬೇಕಾದರೂ ಕರೆಯುವ ಮಾತು. ಆಮೇಲೆ ಆಕೆ ನನ್ನ ಕಡೆ ತಿರುಗಿ, ಇವರನ್ನು ಮೊದಲು ಮನೆಗೆ ಕರೆದುಕೊಂಡು ಹೋಗು ಎಂದಳು. ಧ್ವನಿಯಲ್ಲಿ ಬ್ಯಾಬ್ ಇರಲಿಲ್ಲ.

ಇಲ್ಲಿಗೆ ಬಂದು ಇಲ್ಲಿನವರಂತೆ ಆದೆ ಎಂದು ನಾನು ತಿಳಿದದ್ದರ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಇಲ್ಲಿ ಹುಟ್ಟಿದವಳು ಬಲವಂತ ಮಾಡಿದ್ದಳು. ನಾನೋ, 'ಇನ್ನು ಎರಡೇ ಫೋಟೋ' ಎಂದೆ. ಕೊನೆಯ ಚಿತ್ರದ ಸಮಯ ಮೂರು ಗಂಟೆ. ಮ್ಯೂಸಿಯಮ್ಮಿಗೆ ಹೋಗಲು ತಡವಾಯಿತು ಎಂದು ಅದನ್ನು ಬಿಟ್ಟೆವು. ಅಷ್ಟು ಹೊತ್ತಿನಲ್ಲಿ ಸೂರಿನ ಕೆಳಗೆ ಇದ್ದದ್ದು ಹತ್ತು ನಿಮಿಷ ಇರಬಹುದು, ಶೌಚಾಲಯದ ಸಾಲಿನಲ್ಲಿ.

ವಾಪಸು ರೈಲಿನಲ್ಲಿ ಬಿಸಿ ಗಾಳಿ ಬರುವ ಕಡೆ ಕೂತಿದ್ದೆವು. ಸರೋಜಮ್ಮ ತಮ್ಮ ಕಾಲುಗಳನ್ನು ನೋಡುತ್ತ ನಕ್ಕರು. 'ಈ ಕಾಲು ನನ್ನವು ಅಲ್ಲ ಅನ್ನಿಸ್ತೈತಿ ನೋಡು. ಯಾರೋ ಪಕ್ಕದಾಗ ಇಟ್ಟು ಹೋಗ್ಯಾರ.'

ಎಂಥ ಮಾತು ಎಂದುಕೊಂಡೆ. ಪುಸ್ತಕ ತೆಗೆದು ಬರೆದುಕೊಂಡೆ.

ವಿನುತಾ ಐದೂವರೆಗೆ ಬಂದರು. ನಾನು ಅವರ ಅಡುಗೆಮನೆಯಲ್ಲಿ ಟೀ ಕುಡಿಯುತ್ತಿದ್ದೆ. ಸರೋಜಮ್ಮ ಕೊನೆಗೂ ಅವಲಕ್ಕಿ ತಿಂದು, ಕಾಲುಚೀಲ ಬಿಚ್ಚದೆ ಸೋಫಾದಲ್ಲಿ ಕೂತಿದ್ದರು. ಮಗಳು ಬಂದವರೇ ಬಾಗಿಲ ಬಳಿಯ ಬೂಟುಗಳನ್ನು ನೋಡಿದರು. ಕೋಟು ತೆಗೆಯಲೂ ಇಲ್ಲ.

'ಅವ್ವಾ, ಕಾಲು ತೋರ್ಸು.'

'ಏನಾಗಿಲ್ಲ ಬಿಡ. ನೀ ಮೊದಲ ಚಾ ಕುಡಿ.'

'ತೋರ್ಸು ಅಂದ್ನೆಲ್ಲ.'

ಕಾಲುಚೀಲ ಎಳೆದಾಗ ನೀರು ಸೋರಿತು. ಬಲಗಾಲಿನ ಕೊನೆಯ ಎರಡು ಬೆರಳು ಮೇಣದ ಹಾಗೆ ಬೆಳ್ಳಗಿದ್ದವು. ವಿನುತಾ ಅವನ್ನು ಒತ್ತಿದರು, ಇನ್ನೊಮ್ಮೆ ಒತ್ತಿದರು, 'ಗೊತ್ತಾಗ್ತೈತೇನ?' ಎಂದರು. ತಾಯಿ ಮೇಲೆ ನೋಡುತ್ತ 'ಹೂಂ' ಎಂದರು. ಗೊತ್ತಾಗುತ್ತಿರಲಿಲ್ಲವೆಂದು ಮೂವರಿಗೂ ಗೊತ್ತಾಯಿತು. ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು, ಮೊಣಕಾಲೂರಿ ಕೂತು, ಕಾಲನ್ನು ಅದರಲ್ಲಿ ಇಟ್ಟರು. ಕಾಲುಚೀಲಗಳನ್ನು ರೇಡಿಯೇಟರ್ ಮೇಲೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಶಾಂತವಾಗಿ, ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದವರನ್ನು ಕೇಳುವ ಹಾಗೆ ಕೇಳಿದರು:

'ಒಟ್ಟು ಎಷ್ಟು ಹೊತ್ತು ಹೊರಗಿದ್ರಿ?'

'ಒಂದು ಗಂಟೆ' ಎಂದೆ. 'ಅಷ್ಟೇ. ಉಳಿದದ್ದೆಲ್ಲ ಮ್ಯೂಸಿಯಂನಲ್ಲಿ.'

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಬಾಯಿಗೆ ಸಿದ್ಧವಾಗಿ ಬಂತು. ಅಷ್ಟೇ ಅಲ್ಲ, ಹೇಳಿದ ಮೇಲೆ ನಾನು ಸರೋಜಮ್ಮನವರ ಮುಖ ನೋಡಿದೆ. ಅವರು ನನ್ನನ್ನು ಎಷ್ಟು ಹೊತ್ತು ನೋಡಿದರೋ ಹೇಳಲಾರೆ. ಅದನ್ನು ಬರೆದಿಡುವ ಕ್ಯಾಮೆರಾ ಇರಲಿಲ್ಲ. ಪಾಠ ಒಪ್ಪಿಸಲಾಗದೆ ನಿಂತ ಹುಡುಗನಿಗೆ ಮೊದಲ ಶಬ್ದ ಹೇಳಿಕೊಡುವ ಮುಖ ಅದು.

'ಹೌದವಾ' ಎಂದರು. 'ಒಳಗ ಬೆಚ್ಚಗಿತ್ತು. ದೊಡ್ಡ ದೊಡ್ಡ ಚಿತ್ರ. ಮುಂಜಾನೆ ನಾನ ಹಿತ್ತಲಕ್ಕ ಬರಿಗಾಲಿಲೇ ಹೋಗಿದ್ದೆ, ಗುಬ್ಬಿಗೆ ಅಕ್ಕಿ ಹಾಕಾಕ. ಆಗ ಆಗಿರಬೇಕು.'

'ಬರಿಗಾಲಿಲೇ? ಈ ಹಿಮದಾಗ? ನಿನಗ ಬುದ್ಧಿ ಐತೇನವಾ? ಎಷ್ಟು ಸಲ ಹೇಳಿಲ್ಲ ನಾನು!'

ಮಗಳು ಬೈಯುತ್ತಲೇ ಇದ್ದರು. ತಾಯಿ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಲೋಟ ತೊಳೆದಿಟ್ಟು, ಬರುತ್ತೇನೆ ಎಂದು ಹೇಳಿ ಹೊರಟೆ. ಈ ಸಲ ಲೋಟ ತೊಳೆಯಬೇಡಿ ಎಂದು ಯಾರೂ ಹೇಳಲಿಲ್ಲ.

ಲೇಖನ ಜನವರಿಯಲ್ಲಿ ಬಂತು. ಅರ್ಧ ಪುಟ, ಮೂರು ಕಾಲಮ್ಮಿನ ಬಣ್ಣದ ಚಿತ್ರ: ಹೆಪ್ಪುಗಟ್ಟಿದ ಕಾಲುವೆ, ಇಳಕಲ್ ಸೆರಗು, ನಗು. ಕಾಲು ನನ್ನವಲ್ಲ ಎನ್ನಿಸುತ್ತದೆ ಎಂದು ಅವರು ತಮಾಷೆ ಮಾಡಿದರೆಂದು ಕೊನೆಯ ಪ್ಯಾರಾದಲ್ಲಿ ಹಾಕಿದ್ದೆ. ಸಂಪಾದಕರಿಗೆ ಬಹಳ ಹಿಡಿಸಿದ ಸಾಲು ಅದೇ. ಲೇಖನದಲ್ಲಿ ಎಲ್ಲ ಇತ್ತು, ಗಂಟೆಗಳು ಮಾತ್ರ ಇರಲಿಲ್ಲ. ವಿನುತಾ ಚಿತ್ರ ನೋಡಿ ಚೆನ್ನಾಗಿದೆ ಎಂದರು. ಕನ್ನಡ ಪತ್ರಿಕೆ ಕೂತು ಓದುವಷ್ಟು ಬಿಡುವು ಅವರಿಗೆ ಯಾವತ್ತೂ ಇರಲಿಲ್ಲ. ಅಷ್ಟರಲ್ಲಿ ಸರೋಜಮ್ಮ ಊರಿಗೆ ಮರಳಿದ್ದರು. ಬೆರಳಿನ ಗುಳ್ಳೆ ಒಡೆದು ಗಾಯ ಮಾಯದೆ, ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಬಲಗಾಲಿನ ಕಿರುಬೆರಳು ತೆಗೆದರು. ನನಗೆ ಅದನ್ನು ವಿನುತಾ ಫೋನಿನಲ್ಲಿ ಹೇಳಿದರು. ನಾನು 'ಅಯ್ಯೋ' ಎಂದೆ. ಪರೀಕ್ಷೆಯ ನೆಪ ಹೇಳಿ ಭಾನುವಾರದ ಊಟಕ್ಕೆ ಹೋಗುವುದನ್ನು ಕಡಿಮೆ ಮಾಡಿದೆ. ಆಮೇಲೆ ಲೀಡ್ಸ್‌ನಲ್ಲಿ ಕೆಲಸ ಸಿಕ್ಕಿತು.

ಒಂದು ಕಿರುಬೆರಳು ತಾನೇ ಎಂದು ನನಗೆ ನಾನೇ ಹೇಳಿಕೊಂಡ ವರ್ಷಗಳಿವೆ. ಅದು ಒಂದು ಬೆರಳಿನ ಮಾತಲ್ಲ ಎಂದು ತಿಳಿದದ್ದು ಹೋದ ವರ್ಷ, 2018ರ ದೀಪಾವಳಿಯಲ್ಲಿ, ಮ್ಯಾಕಲ್ಸ್‌ಫೀಲ್ಡ್‌ನ ಸ್ನೇಹಿತರೊಬ್ಬರ ಮನೆಯಲ್ಲಿ. ವಿನುತಾ ಬಂದಿದ್ದರು, ಜೊತೆಗೆ ಆರು ವರ್ಷದ ಮಗಳು. ಮಗು ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿತ್ತು. ಮಾತಿನ ನಡುವೆ ಯಾರೋ, 'ಅಮ್ಮನ್ನ ಕರೆಸ್ಕೊಳ್ಳಿ, ಕನ್ನಡ ತಾನಾಗೇ ಬರುತ್ತೆ' ಎಂದರು.

'ಅಯ್ಯೋ, ನಮ್ಮಮ್ಮನ್ನಾ?' ಎಂದು ವಿನುತಾ ನಕ್ಕರು. 'ಅವರ ಕಥೆ ಗೊತ್ತಲ್ಲ? ಒಂದು ಸಲ ಕರೆಸಿದ್ದಕ್ಕೇ ಮೈನಸ್‌ನಲ್ಲಿ ಬರಿಗಾಲಲ್ಲಿ ಗುಬ್ಬಿಗೆ ಅಕ್ಕಿ ಹಾಕೋಕೆ ಹೋಗಿ ಬೆರಳು ಕಳ್ಕೊಂಡ್ರು. ಹೇಳಿದ್ ಮಾತು ಕೇಳಲ್ಲ. ನಾನು ಡ್ಯೂಟಿಗೆ ಹೋದ್ಮೇಲೆ ಯಾರು ಕಾಯ್ತಾರೆ? ಪ್ರತಿ ವರ್ಷ ಕೇಳ್ತಾರೆ, ಮೊಮ್ಮಗಳ ಸ್ಕೂಲ್ ನೋಡ್ಬೇಕು ಅಂತ. ನಾನೇ ಬೇಡ ಅಂತೀನಿ.'

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕದ್ದು ಆದ ಮೇಲೆ ನಾನು ಏನು ಮಾಡಿದೆ ಎಂದು ಗೊತ್ತಾಯಿತು.

ಎಂಟು ವರ್ಷದಿಂದ ಆ ಹೆಂಗಸು ಮಗಳ ಕಣ್ಣಿನಲ್ಲಿ ಮಾತು ಕೇಳದ, ಒಬ್ಬಳೇ ಬಿಡಲಾಗದ ಮುದುಕಿಯಾಗಿದ್ದರು. ಅದಕ್ಕೆ ಕಾರಣ ಅವರು ನನಗಾಗಿ ಕಟ್ಟಿದ ಒಂದು ವಾಕ್ಯ. ಅದನ್ನು ಅವರು ಹಿಂತೆಗೆದುಕೊಳ್ಳಲೂ ಇಲ್ಲ.

ಆದರೂ ನವೆಂಬರ್, ಡಿಸೆಂಬರ್ ಕಳೆಯಿತು. ಜನವರಿಯಲ್ಲಿ ಕಾಲುಚೀಲ ರೇಡಿಯೇಟರ್ ಮೇಲೆ ಹಾಕಿದ ದಿನ, ವಾಸನೆ ಹೋಗಲೆಂದು ಕಿಟಕಿ ತೆರೆದಿಟ್ಟು, ರಾಣೇಬೆನ್ನೂರಿಗೆ ಫೋನ್ ಮಾಡಿದೆ. ಹೆಸರು ಹೇಳುವ ಮೊದಲೇ ಗುರುತು ಹಿಡಿದರು.

'ಏನೋ ತಮ್ಮಾ, ಎಷ್ಟು ವರ್ಷ ಆತು! ಆ ಫೋಟೋ ಇನ್ನೂ ಇಟ್ಟೇನಿ ನೋಡು.'

ಅವತ್ತು ಎಷ್ಟು ಹೊತ್ತು ಹೊರಗಿದ್ದೆವೆಂದು ವಿನುತಾ ಅವರಿಗೆ ಹೇಳುತ್ತೇನೆ ಎಂದೆ.

'ಬ್ಯಾಡ ಬಿಡೋ. ಆಗಿದ್ದು ಆಗಿ ಹೋತು. ಸುಮ್ಮನ ಯಾಕ?'

'ಇಲ್ಲ ಅಕ್ಕೋರೇ. ಹೇಳ್ತೀನಿ.'

'ಬ್ಯಾಡ. ಆಕಿ ಸಿಟ್ಟು ನಿನಗ ಗೊತ್ತಿಲ್ಲ. ನಿನ್ನ ಮನಿಗೆ ಸೇರಿಸಂಗಿಲ್ಲ.'

'ಸೇರಿಸದಿದ್ರೆ ಬೇಡ. ನೀವು ಬರಿಗಾಲಲ್ಲಿ ಹೋಗಲಿಲ್ಲ ಅಂತ ಅವರಿಗೆ ಗೊತ್ತಾಗ್ಬೇಕು. ಹೇಳಲಾ?'

ಆ ಕಡೆ ಕುಕ್ಕರ್ ಕೂಗಿತು. ಅವರು ಒಲೆ ಆರಿಸಿ ಬಂದಿರಬೇಕು.

'ಆಕಿ ಮಗಳು ಈಗ ಒಂದನೇ ಇಯತ್ತೇನು, ಎರಡನೇದ?' ಎಂದರು. 'ಅಲ್ಲಿ ಸಾಲಿಯಾಗ ಹುಡುಗ್ರು ನೆಲದ ಮ್ಯಾಲೆ ಕೂಡ್ರತಾರಂತ, ಹೌದೇನ? ಅಕ್ಕೋರೂ ನೆಲದ ಮ್ಯಾಲೇ ಅಂತ. ಒಮ್ಮೆ ನೋಡಬೇಕಿತ್ತು.'

ಆ ದಿನವೇ ವಿನುತಾ ಅವರಿಗೆ ಇಮೇಲ್ ಬರೆದೆ. ಪತ್ರಿಕೆಯಲ್ಲಿ ತಿದ್ದುಪಡಿ ಹಾಕುವ ಹಾಗೆ ಬರೆದೆ. ಬೇರೆ ರೀತಿ ಬರೆದರೆ ನನ್ನ ಬಗ್ಗೆಯೇ ಆಗಿಬಿಡುತ್ತಿತ್ತು. ಹೊರಗಿದ್ದದ್ದು ಒಂದು ಗಂಟೆಯಲ್ಲ, ನಾಲ್ಕು ಗಂಟೆ ಹತ್ತು ನಿಮಿಷ. ಮ್ಯೂಸಿಯಮ್ಮಿಗೆ ಹೋಗಲಿಲ್ಲ. ಬೂಟು ಹಾಕಿಸಲಿಲ್ಲ. ಮೂರರವರೆಗೆ ಏನೂ ತಿನ್ನಿಸಲಿಲ್ಲ. ನಿಮ್ಮ ತಾಯಿ ಬರಿಗಾಲಿನಲ್ಲಿ ಹಿತ್ತಲಿಗೆ ಹೋದರೆಂಬುದು ನನ್ನನ್ನು ಉಳಿಸಲು ಹೇಳಿದ ಮಾತು. ಮೂವತ್ತೊಂದು ಚಿತ್ರಗಳನ್ನೂ ಸಮಯದ ಸಮೇತ ಲಗತ್ತಿಸಿದೆ. ಕ್ಷಮೆ ಕೇಳುವ ಸಾಲು ಬರೆದು, ಅಳಿಸಿ, ಮತ್ತೆ ಬರೆದು ಕಳಿಸಿದೆ.

ಸರೋಜಮ್ಮನವರಿಗೆ ಮಾರ್ಚ್‌ನಲ್ಲಿ ವೀಸಾ ಬಂತು. ಟಿಕೆಟ್ ತೆಗೆದದ್ದು ವಿನುತಾ. ಮೇ ಎರಡನೆಯ ವಾರ ಬರುತ್ತಾರೆ. ಮೊಮ್ಮಗಳ ಶಾಲೆಯಲ್ಲಿ ಜೂನ್ ತಿಂಗಳ ಒಂದು ಮಧ್ಯಾಹ್ನ ಅಜ್ಜ ಅಜ್ಜಿಯರು ತರಗತಿಯಲ್ಲಿ ಕೂರಬಹುದಂತೆ, ಅದಕ್ಕೆ ಅವರ ಹೆಸರು ಕೊಟ್ಟಾಗಿದೆ. ಇದನ್ನೆಲ್ಲ ನನಗೆ ಫೋನ್ ಮಾಡಿ ಹೇಳಿದ್ದು ಸರೋಜಮ್ಮ. ವಿನುತಾ ಅವರಿಂದ ಇವತ್ತಿನವರೆಗೆ ಉತ್ತರ ಬಂದಿಲ್ಲ.